ಏಳಲೊಲ್ಲದ ಎಸ್‌ಟಿ-225: ಹಳೆಯ ಎಕ್ಸ್‌ಟಿ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ರಿಪೇರಿ

ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ. ಪರದೆಯ ಮೇಲೆ ಮೆಮೊರಿ ಎಣಿಕೆ 640 ಕೆಬಿವರೆಗೆ ಓಡುತ್ತದೆ. ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. ಕೊನೆಗೆ ಒಂದು ಸಂಖ್ಯೆ ಬರುತ್ತದೆ: 1701. ಐಬಿಎಂ ಪಿಸಿ ಎಕ್ಸ್‌ಟಿ ಕಾಲದ ಯಂತ್ರ ಬಳಸಿದವರಿಗೆ ಈ ಸಂಖ್ಯೆಯ ಪರಿಚಯ ಇರುತ್ತದೆ. ಹಾರ್ಡ್ ಡಿಸ್ಕ್ ಕಡೆಯಿಂದ ಸರಿಯಾದ ಉತ್ತರ ಬಂದಿಲ್ಲ ಅಂತ ಅರ್ಥ. ಯಾಕೆ ಬಂದಿಲ್ಲ ಅನ್ನುವುದನ್ನು ನಾವೇ ಹುಡುಕಬೇಕು.

ಈ ಯಂತ್ರ ಪುತ್ತೂರಿನ ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಯದು. ನನ್ನ ಗೆಳೆಯನ ತಂದೆ ಅಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದರು. ಬಿಡಿಭಾಗ ತಂದು ಜೋಡಿಸಿದ ಎಕ್ಸ್‌ಟಿ ಮಾದರಿ. 8088 ಪ್ರೊಸೆಸರ್, ಒಂದು 360 ಕೆಬಿ ಫ್ಲಾಪಿ ಡ್ರೈವ್, ಎಂಟು ಬಿಟ್ಟಿನ ಎಂಎಫ್‌ಎಂ ಕಂಟ್ರೋಲರ್ ಕಾರ್ಡ್ (ಹಾರ್ಡ್ ಡಿಸ್ಕನ್ನು ನಡೆಸುವ ಕಾರ್ಡ್; ಎಂಎಫ್‌ಎಂ ಅನ್ನುವುದು ಡಿಸ್ಕಿನಲ್ಲಿ ಬರೆಯುವ ಒಂದು ಹಳೆಯ ವಿಧಾನ), ಅದಕ್ಕೆ ಜೋಡಿಸಿದ 20 ಎಂಬಿಯ ಎಸ್‌ಟಿ-225 ಹಾರ್ಡ್ ಡಿಸ್ಕ್. ವರ್ಷಗಟ್ಟಲೆ ಅಟ್ಟದ ಮೇಲೆ ಇತ್ತು. ದಕ್ಷಿಣ ಕನ್ನಡದ ಮಳೆಗಾಲಗಳನ್ನೆಲ್ಲ ಅಲ್ಲೇ ಕಳೆದಿದೆ.

‘ಅಪ್ಪನ ಲೆಕ್ಕ ಎಲ್ಲ ಅದರಲ್ಲೇ ಉಂಟು ಮಾರಾಯ. ಯಂತ್ರ ಹೋದ್ರೆ ಹೋಗ್ಲಿ, ಫೈಲು ಸಿಕ್ಕಿದ್ರೆ ಸಾಕು’ ಅಂದ ಗೆಳೆಯ.

ಈ ಮಾತು ಇಡೀ ಕೆಲಸದ ದಾರಿಯನ್ನು ನಿರ್ಧರಿಸಿತು. 1701 ಬಂದರೆ ಡಾಸ್‌ನ (ಆ ಕಾಲದ ಆಪರೇಟಿಂಗ್ ಸಿಸ್ಟಂ) ಡಿಬಗ್ ಪ್ರೋಗ್ರಾಂ ತೆರೆದು ‘ಜಿ=ಸಿ800:5’ ಕೊಟ್ಟು ಲೋ ಲೆವೆಲ್ ಫಾರ್ಮ್ಯಾಟ್, ಅಂದರೆ ಡಿಸ್ಕಿನ ಗುರುತುಗಳನ್ನೆಲ್ಲ ಬುಡದಿಂದ ಹೊಸದಾಗಿ ಬರೆಯುವ ಕೆಲಸ, ಮಾಡಿ ಅನ್ನುವ ಸಲಹೆ ಬಹಳ ಕಡೆ ಸಿಗುತ್ತದೆ. ಆ ಆಜ್ಞೆ ಕಂಟ್ರೋಲರ್ ಕಾರ್ಡಿನ ರೋಮ್ (ROM) ಚಿಪ್ಪಿನಲ್ಲಿರುವ ಫಾರ್ಮ್ಯಾಟ್ ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಡಿಸ್ಕ್ ಚೆನ್ನಾಗಿ ಓಡಲೂಬಹುದು. ಆದರೆ ಅದರಲ್ಲಿದ್ದದ್ದು ಒಂದಕ್ಷರವೂ ಉಳಿಯುವುದಿಲ್ಲ. ಹಳೆಯ ಡಿಸ್ಕ್ ಕೈಗೆ ಬಂದಾಗ ಮೊದಲು ಓದಬೇಕು, ಫೈಲುಗಳನ್ನು ಬೇರೆ ಕಡೆ ಇಳಿಸಬೇಕು, ಅದಾದ ಮೇಲಷ್ಟೇ ಬರೆಯುವ ವಿಷಯ. ಇದರಲ್ಲಿ ರಾಜಿ ಮಾಡಿಕೊಳ್ಳಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಡಿಸ್ಕ್ ಏಳುವ ಕ್ರಮ

ಎಸ್‌ಟಿ-225 ಐದೂಕಾಲು ಇಂಚಿನ ಅರ್ಧ ಎತ್ತರದ ಡ್ರೈವ್. ಒಳಗೆ ಎರಡು ತಟ್ಟೆ, ಓದಿ ಬರೆಯುವ ನಾಲ್ಕು ಹೆಡ್, 615 ಸಿಲಿಂಡರ್ (ನಾಲ್ಕೂ ಹೆಡ್‌ಗಳ ಕೆಳಗೆ ಒಟ್ಟಿಗೆ ಬರುವ ಟ್ರ್ಯಾಕ್‌ಗಳ ಗುಂಪು), ಪ್ರತಿ ಟ್ರ್ಯಾಕಿಗೆ, ಅಂದರೆ ತಟ್ಟೆಯ ಮೇಲಿನ ಒಂದು ವೃತ್ತಕ್ಕೆ, 17 ಸೆಕ್ಟರ್ ಅನ್ನುವ ತುಂಡು. ಒಂದು ಸೆಕ್ಟರಿಗೆ 512 ಬೈಟ್. ಗುಣಿಸಿದರೆ 2,14,11,840 ಬೈಟ್ ಬರುತ್ತದೆ. ತಟ್ಟೆ ನಿಮಿಷಕ್ಕೆ 3600 ಸುತ್ತು ತಿರುಗುತ್ತದೆ. ಕಂಟ್ರೋಲರಿಗೆ ಎರಡು ರಿಬ್ಬನ್ ಕೇಬಲ್ ಹೋಗುತ್ತವೆ. 34 ತಂತಿಯದು ಆಜ್ಞೆಗೆ, 20 ತಂತಿಯದು ದತ್ತಾಂಶಕ್ಕೆ. ಈ ಜೋಡಣೆಯ ಮೂಲ 1980ರ ಎಸ್‌ಟಿ-506 ಅನ್ನುವ 5 ಎಂಬಿ ಡ್ರೈವ್.

ಕರೆಂಟ್ ಕೊಟ್ಟಾಗ ಮೊದಲು ಮೋಟರ್ ತಟ್ಟೆಯನ್ನು ತಿರುಗಿಸುತ್ತದೆ. ವೇಗ ಬಂದ ಮೇಲೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರ್ ಹೆಡ್‌ಗಳನ್ನು ಸೊನ್ನೆಯ ಟ್ರ್ಯಾಕಿಗೆ ಎಳೆದು ತರುತ್ತದೆ. ಆಮೇಲೆ ಡ್ರೈವ್ ‘ನಾನು ಸಿದ್ಧ’ ಅನ್ನುವ ಸಂಕೇತ ಕೊಡುತ್ತದೆ. ಕಂಟ್ರೋಲರ್ ಅದನ್ನು ನೋಡಿ, ಹೆಡ್‌ಗಳನ್ನು ತಾನೂ ಒಮ್ಮೆ ಸೊನ್ನೆಗೆ ಕರೆಸಿ, ಮೊದಲ ಸೆಕ್ಟರ್ ಓದುತ್ತದೆ. ಅಲ್ಲಿಂದ ಮುಂದೆ ಡಾಸ್‌ನ ಕೆಲಸ. ಎಲ್ಲಿ ಕಡಿದರೂ ಪರದೆಯ ಮೇಲೆ ಹೆಚ್ಚುಕಡಿಮೆ ಒಂದೇ ದೂರು ಬರುತ್ತದೆ. ಹಾಗಾಗಿ ಪರದೆಗಿಂತ ಕಿವಿಯನ್ನು ಜಾಸ್ತಿ ನಂಬಬೇಕು. ಚೆನ್ನಾಗಿರುವ ಎಸ್‌ಟಿ-225 ಏರುತ್ತಾ ಹೋಗುವ ಸೀಟಿಯಂಥ ಸದ್ದಿನಿಂದ ಶುರುವಾಗಿ, ಒಂದು ಮಟ್ಟಕ್ಕೆ ನಿಂತು, ಆಮೇಲೆ ‘ಟಿರ್ರ್’ ಅಂತ ಹೆಡ್ ಸರಿಸುತ್ತದೆ. ಇಲ್ಲಿ ಆ ಸೀಟಿಯೇ ಇರಲಿಲ್ಲ. ಒಂದು ಸಣ್ಣ ಮಿಡಿತ, ಮತ್ತೆ ಮೌನ.

ಮೊದಲು ಪವರ್ ಸಪ್ಲೈ

ತಟ್ಟೆ ತಿರುಗದಿದ್ದರೆ ಎಲ್ಲರೂ ಡ್ರೈವ್ ಅನ್ನೇ ಬೈಯುತ್ತಾರೆ. ಆದರೆ ಎಸ್‌ಟಿ-225 ಎದ್ದೇಳುವಾಗ 12 ವೋಲ್ಟಿನ ಸಾಲಿನಿಂದ 2 ಆಂಪಿಯರಿಗೂ ಮೇಲೆ ಎಳೆಯುತ್ತದೆ. ಓಡಲು ಶುರುವಾದ ಮೇಲೆ ಅದರ ಅರ್ಧವೂ ಬೇಡ. ಆ ಮೊದಲ ಕೆಲವು ಕ್ಷಣ ವೋಲ್ಟೇಜ್ ಕುಸಿದರೆ ಒಳ್ಳೆಯ ಡ್ರೈವ್ ಕೂಡ ಏಳುವುದಿಲ್ಲ.

ಎಲ್ಲ ಕಾರ್ಡ್ ಕಿತ್ತು, ಮದರ್‌ಬೋರ್ಡಿಗೆ ಕರೆಂಟ್ ಕೊಡುವ ಪಿ8, ಪಿ9 ಕನೆಕ್ಟರ್ ಬಿಚ್ಚಿ, ಸಪ್ಲೈಯನ್ನು ಒಂಟಿಯಾಗಿ ಪರೀಕ್ಷಿಸಿದೆ. ಈ ಕಾಲದ ಸ್ವಿಚಿಂಗ್ ಸಪ್ಲೈಗಳಿಗೆ ಲೋಡ್ ಇಲ್ಲದಿದ್ದರೆ ಅಳತೆ ಸರಿ ಬರುವುದಿಲ್ಲ, ಕೆಲವು ಶುರುವಾಗುವುದೇ ಇಲ್ಲ. ಕಾರಿನ ಇಂಡಿಕೇಟರ್ ಬಲ್ಬ್ ಇದಕ್ಕೆ ಬಹಳ ಅನುಕೂಲ. 12 ವೋಲ್ಟ್, 21 ವಾಟಿನ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ತಂತು ತಣ್ಣಗಿರುವಾಗ ಇನ್ನೂ ಜಾಸ್ತಿ. ಅಂದರೆ ಡ್ರೈವಿನ ಮೋಟರ್ ಏಳುವಾಗಿನ ಭಾರಕ್ಕೆ ಹತ್ತಿರ. 5 ವೋಲ್ಟಿನ ಸಾಲಿಗೂ ಇನ್ನೊಂದು ಬಲ್ಬ್ ಹಾಕಿದೆ.

5 ವೋಲ್ಟ್ ಸರಿಯಾಗಿ ನಿಂತಿತು. 12ರ ಸಾಲು ಬಲ್ಬ್ ಹೊತ್ತಿದ ಕೂಡಲೇ 11ಕ್ಕಿಂತ ಕೆಳಗೆ ಇಳಿಯಿತು. ಐದು ಶೇಕಡಾ ಏರುಪೇರು ಒಪ್ಪಿಕೊಂಡರೂ 11.4 ಇರಲೇಬೇಕು. ಮುಚ್ಚಳ ತೆಗೆದು ನೋಡಿದರೆ ಔಟ್‌ಪುಟ್ ಕಡೆಯ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳ ತಲೆ ಉಬ್ಬಿತ್ತು, ಒಂದರ ಬುಡದಲ್ಲಿ ಕಂದು ಕಲೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 105 ಡಿಗ್ರಿಯ, ಸ್ವಿಚಿಂಗ್ ಸಪ್ಲೈಗೆ ಹೊಂದುವ ಕೆಪಾಸಿಟರ್ ಸುಲಭವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಅದೇ ಬಲ್ಬಿನ ಭಾರದಲ್ಲಿ 11.9 ನಿಂತಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ 230 ವೋಲ್ಟ್ ಮೇನ್ಸ್ ರೆಕ್ಟಿಫೈ ಆದ ಮೇಲೆ ಒಳಗೆ 320 ವೋಲ್ಟಿನ ಆಸುಪಾಸು ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ಮೀಟರಿನಲ್ಲಿ ಸೊನ್ನೆ ತೋರಿಸುವ ತನಕ ಬೆರಳು ಇಡಬೇಡಿ. ಅಭ್ಯಾಸ ಇಲ್ಲದಿದ್ದರೆ ಈ ಭಾಗವನ್ನು ಟಿವಿ ರಿಪೇರಿ ಮಾಡುವವರಿಗೆ ಕೊಡುವುದೇ ಒಳ್ಳೆಯದು. ಅವರಿಗೆ ಇದು ದಿನನಿತ್ಯದ ಕೆಲಸ.

ಅಂಟಿದ ಹೆಡ್‌ಗಳು

ವೋಲ್ಟೇಜ್ ಸರಿಯಾದರೂ ತಟ್ಟೆ ತಿರುಗಲಿಲ್ಲ. ಮಿಡಿತ ಮಾತ್ರ ಸ್ವಲ್ಪ ಜೋರಾಯಿತು. ಮೋಟರ್ ಸತ್ತಿಲ್ಲ, ಯಾವುದೋ ಹಿಡಿದಿಟ್ಟಿದೆ ಅಂತ ಈಗ ಖಚಿತವಾಯಿತು.

ಓಡುವಾಗ ಈ ಡ್ರೈವಿನ ಹೆಡ್‌ಗಳು ತಟ್ಟೆಯ ಮೇಲೆ ಗಾಳಿಯ ತೆಳು ಪದರದಲ್ಲಿ ತೇಲುತ್ತವೆ. ಕರೆಂಟ್ ಹೋದರೆ ನೇರ ತಟ್ಟೆಯ ಮೇಲೇ ಕೂರುತ್ತವೆ. ತಟ್ಟೆಗೆ ಸವೆತ ತಡೆಯಲು ಹಚ್ಚಿದ ಜಾರುವ ಲೇಪ ಇರುತ್ತದೆ. ಹೆಡ್ಡಿನ ತಳವೂ ನುಣುಪು. ವರ್ಷಗಟ್ಟಲೆ ಅಲುಗಾಡದೆ ಕೂತರೆ, ತೇವವೂ ಸೇರಿದರೆ, ಒದ್ದೆಯಾದ ಎರಡು ಗಾಜಿನ ತುಂಡು ಒಂದಕ್ಕೊಂದು ಹಿಡಿದುಕೊಂಡ ಹಾಗೆ ಹೆಡ್ ತಟ್ಟೆಗೆ ಅಂಟಿಕೊಳ್ಳುತ್ತದೆ. ಇದನ್ನು ಸ್ಟಿಕ್ಷನ್ ಅನ್ನುತ್ತಾರೆ. ಪುತ್ತೂರಿನ ಅಟ್ಟ ಇದಕ್ಕೆ ಹೇಳಿ ಮಾಡಿಸಿದ ಜಾಗ. ತಯಾರಿಸಿದವರನ್ನು ದೂರುವ ಹಾಗಿಲ್ಲ. ಇಷ್ಟು ವಯಸ್ಸಿಗೆ ಈ ಡ್ರೈವ್ ಓಡಬೇಕು ಅಂತ ಯಾರೂ ಲೆಕ್ಕ ಹಾಕಿರಲಿಲ್ಲ.

ಬಿಡಿಸಲು ಜನ ಮಾಡುವ ಕೆಲವು ಉಪಾಯಗಳನ್ನು ನಾನು ಒಪ್ಪುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಬಡಿಯುವುದು ಒಂದು. ಆ ಪೆಟ್ಟು ಹೆಡ್ಡನ್ನು ತಟ್ಟೆಗೆ ಕುಟ್ಟುತ್ತದೆ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡುವುದು ಇನ್ನೊಂದು. ನಮ್ಮ ಹವೆಯಲ್ಲಿ ತಣ್ಣಗಾದ ಲೋಹ ಹೊರಗೆ ಬಂದ ಕೂಡಲೇ ಬೆವರುತ್ತದೆ, ಆ ನೀರು ಒಳಗೂ ಕೂರಬಹುದು. ಮುಚ್ಚಳ ತೆಗೆಯುವುದಂತೂ ಬೇಡವೇ ಬೇಡ. ಹೆಡ್ ತೇಲುವ ಎತ್ತರ ಧೂಳಿನ ಕಣಕ್ಕಿಂತ ಕಡಿಮೆ.

ನಾನು ಮೊದಲು ಡ್ರೈವನ್ನು ಬಿಸಿ ಮಾಡಿದೆ. ಮೇಜಿನ ದೀಪಕ್ಕೆ 60 ವಾಟಿನ ಹಳೆ ತಂತು ಬಲ್ಬ್ ಹಾಕಿ, ಒಂದಡಿ ದೂರದಲ್ಲಿ ಡ್ರೈವ್ ಇಟ್ಟು, ಮುಟ್ಟಿದರೆ ಬೆಚ್ಚಗೆ ಅನ್ನಿಸುವ ತನಕ ಬಿಟ್ಟೆ. ಸುಡಬಾರದು, ಬೆಚ್ಚಗಾದರೆ ಸಾಕು. ಲೇಪ ಸ್ವಲ್ಪ ಸಡಿಲವಾಗುತ್ತದೆ, ತೇವವೂ ಆರುತ್ತದೆ.

ಆಮೇಲೆ ತಿರುವುವ ಕೆಲಸ. ಡ್ರೈವನ್ನು ಎರಡೂ ಕೈಯಲ್ಲಿ ಮಲಗಿದ ಸ್ಥಿತಿಯಲ್ಲೇ ಹಿಡಿಯಬೇಕು. ತಟ್ಟೆಯ ನಡು ಅಕ್ಷದ ಸುತ್ತ ಮಣಿಕಟ್ಟಿನಿಂದ ಪಟ್ಟನೆ ತಿರುವಿ ಪಟ್ಟನೆ ನಿಲ್ಲಿಸಬೇಕು. ಹೊರಕವಚ ತಿರುಗುತ್ತದೆ, ತಟ್ಟೆ ತನ್ನ ಜಡತ್ವದಿಂದ ಇದ್ದಲ್ಲೇ ಇರಲು ನೋಡುತ್ತದೆ. ಆ ಎಳೆದಾಟದಲ್ಲಿ ಹೆಡ್ ಪಕ್ಕಕ್ಕೆ ಜಾರಿ ಬಿಡುತ್ತದೆ. ಮೇಲೆ ಕೆಳಗೆ ಅಲ್ಲಾಡಿಸಿದರೆ ಏನೂ ಪ್ರಯೋಜನ ಇಲ್ಲ, ಹಾನಿ ಮಾತ್ರ. ಮೆಲ್ಲಗೆ ಶುರುಮಾಡಿ ಸ್ವಲ್ಪ ಸ್ವಲ್ಪ ಜೋರು ಹೆಚ್ಚಿಸುತ್ತಾ ಹೋದೆ. ಕೊನೆಗೆ ಒಳಗಿಂದ ಬೆರಳಿಗೆ ಗೊತ್ತಾಗುವಷ್ಟು ಸಣ್ಣ ‘ಟಿಕ್’ ಬಂತು.

ದತ್ತಾಂಶದ ಕೇಬಲ್ ಹಾಕದೆ ಬರೀ ಕರೆಂಟ್ ಕೊಟ್ಟೆ. ಸೀಟಿ ಏರಿತು, ನಿಂತಿತು. ಒಂದು ಕ್ಷಣ ಬಿಟ್ಟು ‘ಟಿರ್ರ್’. ಹೆಡ್ ಸೊನ್ನೆಗೆ ಹೋಗಿತ್ತು. ಫೋನಿನಲ್ಲಿ ಆ ಸದ್ದು ಕೇಳಿಸಿದಾಗ ಗೆಳೆಯ ‘ಅಪ್ಪನ ಆಫೀಸಿನ ಬೆಳಿಗ್ಗೆ ಹೀಗೇ ಶುರುವಾಗ್ತಿತ್ತು ಮಾರಾಯ’ ಅಂದ.

ಸೀಟಿಯ ಜೊತೆ ಒಂದು ಕಿರಗುಟ್ಟುವ ಸದ್ದೂ ಇತ್ತು. ಅದಕ್ಕೆ ಹೆದರಬೇಕಾಗಿಲ್ಲ. ಡ್ರೈವಿನ ಅಡಿಯಲ್ಲಿ ಮೋಟರ್ ಅಕ್ಷದ ತುದಿಗೆ ಒತ್ತಿಕೊಂಡಿರುವ ತೆಳು ಲೋಹದ ಪಟ್ಟಿಯೊಂದಿದೆ, ಅದರ ತುದಿಯಲ್ಲಿ ಕರಿ ಗ್ರಾಫೈಟ್ ಗುಂಡಿ. ತಿರುಗುವ ತಟ್ಟೆಯಲ್ಲಿ ಸೇರುವ ಸ್ಥಿರ ವಿದ್ಯುತ್ತನ್ನು ಭೂಮಿಗೆ ಇಳಿಸುವುದು ಅದರ ಕೆಲಸ. ಸವೆದಾಗ ಕಿರುಚುತ್ತದೆ. ಸುಮ್ನೆ ಕಿತ್ತು ಬಿಸಾಡುವವರಿದ್ದಾರೆ, ಹಾಗೆ ಮಾಡಬಾರದು. ಆಲ್ಕೋಹಾಲ್ ಹಾಕಿ ಒರೆಸಿ, ಪಟ್ಟಿಯನ್ನು ಕೂದಲಷ್ಟು ಬಾಗಿಸಿ ಗುಂಡಿ ಬೇರೆ ಜಾಗದಲ್ಲಿ ಕೂರುವ ಹಾಗೆ ಮಾಡಿದೆ. ಸದ್ದು ನಿಂತಿತು.

ತಿರುಗಿತು, ಆದರೂ 1701

ಎಲ್ಲವನ್ನೂ ವಾಪಸ್ ಜೋಡಿಸಿದೆ. ಪಿ8 ಮತ್ತು ಪಿ9 ಹಾಕುವಾಗ ಎರಡರ ಕಪ್ಪು ತಂತಿಗಳೂ ನಡುವೆ ಅಕ್ಕಪಕ್ಕ ಬರಬೇಕು. ಅದಲುಬದಲಾದರೆ ಮದರ್‌ಬೋರ್ಡ್ ಸುಟ್ಟೇ ಹೋಗುತ್ತದೆ. ಮತ್ತೆ 1701 ಬಂತು. ಆದರೆ ಈಗ ಅದೇ ಸಂಖ್ಯೆಗೆ ಬೇರೆ ಅರ್ಥ. ಡ್ರೈವ್ ಎದ್ದಿದೆ, ಕಂಟ್ರೋಲರಿಗೆ ಅದು ಕಾಣುತ್ತಿಲ್ಲ.

ಕೇಬಲ್ ವಿಷಯದಲ್ಲಿ ಎರಡು ಸಂಗತಿ ನೋಡಬೇಕು. 34 ತಂತಿಯ ಫ್ಲಾಪಿ ಕೇಬಲ್ಲೂ ಹಾರ್ಡ್ ಡಿಸ್ಕ್ ಕೇಬಲ್ಲೂ ನೋಡಲು ಒಂದೇ ಥರ. ಎರಡರಲ್ಲೂ ಕೆಲವು ತಂತಿಗಳು ತಿರುಚಿರುತ್ತವೆ. ಫ್ಲಾಪಿಯದರಲ್ಲಿ 10ರಿಂದ 16ರ ತಂತಿ, ಹಾರ್ಡ್ ಡಿಸ್ಕಿನದರಲ್ಲಿ 25ರಿಂದ 29ರ ತಂತಿ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಕೆಲಸ ಮಾಡುವುದಿಲ್ಲ. ತಿರುಚಿದ ಕೇಬಲ್ಲಿನ ತುದಿಗೆ ಹಾಕುವ ಡ್ರೈವಿನಲ್ಲಿ ಯಾವ ಡ್ರೈವ್ ಅನ್ನುವುದನ್ನು ಆಯ್ಕೆ ಮಾಡುವ ಜಂಪರ್ (ಪಿನ್‌ಗಳನ್ನು ಕೂಡಿಸುವ ಸಣ್ಣ ತುಂಡು) ಎರಡನೆಯ ಸ್ಥಾನದಲ್ಲಿರಬೇಕು. ಕೇಬಲ್ಲಿನ ಕೊನೆಯಲ್ಲಿರುವ ಡ್ರೈವಿನಲ್ಲಿ ಸಂಕೇತ ತುದಿಯಿಂದ ವಾಪಸ್ ಪುಟಿಯದಂತೆ ತಡೆಯುವ ಟರ್ಮಿನೇಟರ್ ರೆಸಿಸ್ಟರ್ ಪ್ಯಾಕ್ ಕೂತಿರಬೇಕು. ಇಲ್ಲಿ ಇವೆಲ್ಲ ಸರಿಯಾಗಿದ್ದವು. ಜೋಡಿಸಿದವರು ಕೆಲಸ ಬಲ್ಲವರು.

ಕೊಳೆ ಇದ್ದದ್ದು ಡ್ರೈವಿನ ಅಂಚಿನಲ್ಲಿ. ಈ ಡ್ರೈವಿನಲ್ಲಿ ಪಿನ್ ಇಲ್ಲ. ಬೋರ್ಡಿನ ಅಂಚಿನ ತಾಮ್ರದ ಪಟ್ಟಿಗಳ ಮೇಲೇ ಕನೆಕ್ಟರ್ ಕೂರುತ್ತದೆ. ಪಟ್ಟಿಗಳು ಕಪ್ಪಾಗಿದ್ದವು. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದೆ. ಕಂಟ್ರೋಲರ್ ಕಾರ್ಡಿನ ಅಂಚಿಗೂ ಅದೇ ಉಪಚಾರ. 20 ತಂತಿಯ ಕೇಬಲ್ಲಿನ ಕನೆಕ್ಟರ್ ಒಳಗೆ ಹಸಿರು ಕಿಲುಬು ಹತ್ತಿತ್ತು, ಅದನ್ನು ಹೊಸದಾಗಿ ಮಾಡಿಕೊಂಡೆ.

1701 ಹೋಯಿತು. ಡ್ರೈವಿನ ದೀಪ ಹೊತ್ತಿತು. ಆದರೆ ಡಾಸ್ ಬರಲಿಲ್ಲ. ಹೆಡ್ ಹಿಂದೆ ಮುಂದೆ ಹೋಗುವ ಸದ್ದು ಮತ್ತೆ ಮತ್ತೆ ಬಂದು, ಕೊನೆಗೆ ಡಿಸ್ಕ್ ಓದಲಾಗುತ್ತಿಲ್ಲ ಅನ್ನುವ ಸಾಲು.

ಬಿಸಿಯಾಗಲು ಬಿಡಿ

ಇಲ್ಲಿ ಎಷ್ಟೋ ಜನ ಕೈಬಿಡುತ್ತಾರೆ, ಇಲ್ಲವೇ ಫಾರ್ಮ್ಯಾಟ್ ಮಾಡುತ್ತಾರೆ. ಎರಡೂ ಬೇಡ. ಡ್ರೈವನ್ನು ಹಾಗೇ ತಿರುಗಲು ಬಿಟ್ಟು ಬೇರೆ ಕೆಲಸ ನೋಡಿಕೊಳ್ಳಿ.

ಇದರ ಹಿಂದೆ ಒಂದು ಕಾರಣ ಇದೆ. ಈಗಿನ ಹಾರ್ಡ್ ಡಿಸ್ಕ್‌ಗಳಲ್ಲಿ ಹೆಡ್ ತಾನೆಲ್ಲಿದ್ದೇನೆ ಅನ್ನುವುದನ್ನು ತಟ್ಟೆಯ ಮೇಲಿನ ಗುರುತುಗಳಿಂದಲೇ ಓದಿಕೊಂಡು ಸರಿಪಡಿಸಿಕೊಳ್ಳುತ್ತದೆ. ಎಸ್‌ಟಿ-225ಕ್ಕೆ ಆ ವ್ಯವಸ್ಥೆ ಇಲ್ಲ. ಸ್ಟೆಪ್ಪರ್ ಮೋಟರ್ ಇಷ್ಟು ಹೆಜ್ಜೆ ಹಾಕಿತು, ಹಾಗಾಗಿ ಇಂಥ ಟ್ರ್ಯಾಕ್ ಮೇಲಿದ್ದೇನೆ ಅನ್ನುವ ನಂಬಿಕೆ ಅಷ್ಟೇ. ಒಂದು ಇಂಚಿನಲ್ಲಿ ಸುಮಾರು 600 ಟ್ರ್ಯಾಕ್. ಎರಡು ಟ್ರ್ಯಾಕ್‌ಗಳ ನಡುವಿನ ದೂರ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ. ತಟ್ಟೆ, ಹೆಡ್ಡಿನ ತೋಳು, ಹೊರಕವಚ ಎಲ್ಲವೂ ಬಿಸಿಗೆ ಹಿಗ್ಗುತ್ತವೆ, ಒಂದೊಂದೂ ಒಂದೊಂದು ಪ್ರಮಾಣದಲ್ಲಿ. ಬಿಸಿಯಾಗಿದ್ದಾಗ ಬರೆದ ಟ್ರ್ಯಾಕನ್ನು ತಣ್ಣಗಿದ್ದಾಗ ಓದಲು ಹೋದರೆ ಹೆಡ್ ಪಕ್ಕದಲ್ಲೆಲ್ಲೋ ನಿಂತಿರುತ್ತದೆ. ಅಂಗಡಿಯಲ್ಲಿ ದಿನವಿಡೀ ಓಡುತ್ತಿದ್ದ ಯಂತ್ರ ಇದು. ಅದರಲ್ಲಿದ್ದ ಹೆಚ್ಚಿನದೆಲ್ಲ ಬಿಸಿಯಲ್ಲೇ ಬರೆದದ್ದು.

ಅರ್ಧ ಗಂಟೆಯ ಮೇಲೆ ಆಯಿತು. ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿದೆ. ತಡವರಿಸದೆ ಸಿ ಪ್ರಾಂಪ್ಟ್ ಬಂತು. ‘ಡಿಐಆರ್’ ಕೊಟ್ಟರೆ ಲೋಟಸ್ (ಲೆಕ್ಕದ ಹಾಳೆ), ಡಿಬೇಸ್ (ಡೇಟಾಬೇಸ್), ವರ್ಡ್‌ಸ್ಟಾರ್ (ಬರವಣಿಗೆ) ಹೆಸರಿನ ಡೈರೆಕ್ಟರಿಗಳು ಸಾಲಾಗಿ ಬಂದವು. ನನಗೆ ಈ ಕೆಲಸದಲ್ಲಿ ಅತಿ ಖುಷಿ ಕೊಟ್ಟ ಹೊತ್ತು ಅದು.

ಫೈಲುಗಳನ್ನು ಇಳಿಸಿದ್ದು

20 ಎಂಬಿಯನ್ನು 360 ಕೆಬಿ ಫ್ಲಾಪಿಗಳಲ್ಲಿ ಹೊರುವುದು ಆಗದ ಮಾತು. ಎಕ್ಸ್‌ಟಿ-ಐಡಿಇ ಅನ್ನುವ ಎಂಟು ಬಿಟ್ಟಿನ ಕಾರ್ಡ್ ಈಗ ಸಿಗುತ್ತದೆ, ಅದಕ್ಕೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಬಹುದು. ಹಳೆಯ ಕಂಟ್ರೋಲರಿನ ಜೊತೆ ಇದೂ ಒಂದೇ ಯಂತ್ರದಲ್ಲಿರಬಹುದು, ವಿಳಾಸ ಒಂದಾಗಬಾರದು ಅಷ್ಟೇ. ಹಳೆಯದರ ರೋಮ್ ಸಿ800ರಲ್ಲಿ ಇತ್ತು, ಹೊಸದನ್ನು ಡಿ000ಕ್ಕೆ ಇಟ್ಟೆ. ಪೋರ್ಟ್ ಹಳೆಯದಕ್ಕೆ 320, ಹೊಸದಕ್ಕೆ 300. ಫ್ಲಾಪಿಯಿಂದ ಡಾಸ್ 5 ಎಬ್ಬಿಸಿ, ಹಾರ್ಡ್ ಡಿಸ್ಕಿಗೆ ಏನನ್ನೂ ಬರೆಯದೆ ಬರೀ ಓದಿಸಿದೆ.

ಮೊದಲು ಲೋಟಸ್‌ನ ಡಬ್ಲ್ಯುಕೆ1 ಫೈಲುಗಳು, ಡಿಬೇಸ್‌ನ ಡಿಬಿಎಫ್ ಫೈಲುಗಳು. ಉಳಿದದ್ದು ಆಮೇಲೆ. ಯಾವ ಕ್ಷಣದಲ್ಲಿ ಡ್ರೈವ್ ಮತ್ತೆ ಮಲಗೀತು ಅಂತ ಹೇಳಲಾಗದು, ಹಾಗಾಗಿ ಮುಖ್ಯವಾದದ್ದು ಮೊದಲು. ಕೆಲವು ಕಡೆ ಓದಲಾಗದೆ ‘ಅಬಾರ್ಟ್, ರೀಟ್ರೈ, ಫೇಲ್’ ಪ್ರಶ್ನೆ ಬಂತು. ಆರ್ ಒತ್ತುತ್ತಾ ಕೂತರೆ ಬಹುಪಾಲು ಬಿಟ್ಟುಕೊಟ್ಟವು. ಬಿಸಿಯಲ್ಲಿ ಜಪ್ಪಯ್ಯ ಅಂದರೂ ಓದಿಸದ ಒಂದೆರಡು ಫೈಲು, ಮಾರನೆಯ ದಿನ ಡ್ರೈವ್ ಇನ್ನೂ ಪೂರ್ತಿ ಬಿಸಿಯಾಗದಿದ್ದಾಗ ಓದಿಸಿಕೊಂಡವು. ಬೆಳಿಗ್ಗೆ ಯಂತ್ರ ಹಾಕಿದ ಕೂಡಲೇ ಬರೆದ ಫೈಲುಗಳಿರಬೇಕು ಅಂತ ನನ್ನ ಊಹೆ.

ಲಿಬ್ರೆಆಫೀಸ್ ಕ್ಯಾಲ್ಕ್ ಆ ಎರಡೂ ಥರದ ಫೈಲುಗಳನ್ನು ನೇರವಾಗಿ ತೆರೆಯುತ್ತದೆ. ಚಾಲಿ, ಹಣ್ಣಡಿಕೆ, ಪಠೋರ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕಾಲಂಗಳು, ಪಕ್ಕದಲ್ಲಿ ತೂಕ, ದರ. ಗೆಳೆಯನಿಗೆ ಕಳಿಸಿದೆ. ‘ದರ ನೋಡಿ ಅಪ್ಪ ಯಾವ ವರ್ಷ ಅಂತ ಹೇಳ್ತಾ ಇದ್ದಾರೆ’ ಅಂತ ಉತ್ತರ ಬಂತು.

ಆಮೇಲೆ ಫಾರ್ಮ್ಯಾಟ್

ಪ್ರತಿಯನ್ನು ಎರಡು ಕಡೆ ಇಟ್ಟ ಮೇಲೆ ಲೋ ಲೆವೆಲ್ ಫಾರ್ಮ್ಯಾಟಿಗೆ ಕೈ ಹಾಕಿದೆ. ಅದೇ ‘ಜಿ=ಸಿ800:5’. ಸೆಕ್ಟರ್‌ಗಳ ಗುರುತುಗಳು ಹೊಸದಾಗಿ ಬರೆಯಲ್ಪಡುತ್ತವೆ, ಹೆಡ್ ಈಗ ನಿಲ್ಲುವ ಜಾಗಕ್ಕೆ ಸರಿಯಾಗಿ. ಡ್ರೈವ್ ಯಂತ್ರದಲ್ಲಿ ಯಾವ ಭಂಗಿಯಲ್ಲಿ ಕೂರುತ್ತದೋ ಅದೇ ಭಂಗಿಯಲ್ಲಿ, ಚೆನ್ನಾಗಿ ಬಿಸಿಯಾದ ಮೇಲೆ ಮಾಡಬೇಕು. ಡ್ರೈವಿನ ಮೇಲಿನ ಚೀಟಿಯಲ್ಲಿ ಕಾರ್ಖಾನೆಯಲ್ಲೇ ಕೆಟ್ಟದ್ದೆಂದು ಗುರುತಿಸಿದ ಟ್ರ್ಯಾಕ್‌ಗಳ ಪಟ್ಟಿ ಇತ್ತು. ಅದನ್ನು ಮೊದಲೇ ತುಂಬಿದೆ.

ಇಂಟರ್‌ಲೀವ್ 3 ಕೊಟ್ಟೆ. ಒಂದು ಸೆಕ್ಟರ್ ಓದಿ ಮುಗಿಸುವಷ್ಟರಲ್ಲಿ ಮುಂದಿನದು ಹೆಡ್ಡಿನ ಕೆಳಗೆ ದಾಟಿ ಹೋಗಿರುತ್ತದೆ, 8088 ಅಷ್ಟು ಚುರುಕಲ್ಲ. ಹಾಗಾಗಿ ಸಂಖ್ಯೆಗಳನ್ನು ಎರಡೆರಡು ಸೆಕ್ಟರ್ ಬಿಟ್ಟು ಹಾಕುತ್ತಾರೆ. ಈ ಡಿಸ್ಕಿನ ತಟ್ಟೆಯಿಂದ ಸೆಕೆಂಡಿಗೆ ಹೆಚ್ಚೆಂದರೆ 5,22,240 ಬೈಟ್ ಬರಬಹುದು, 3ರ ಇಂಟರ್‌ಲೀವಿನಲ್ಲಿ ಅದರ ಮೂರನೇ ಒಂದು ಭಾಗ. ಈ ಯಂತ್ರಕ್ಕೆ ಅಷ್ಟು ಸಾಕು.

ಕಂಟ್ರೋಲರ್ ಕಾರ್ಡನ್ನು ಮಾತ್ರ ಬೇರೆ ಮಾಡಬೇಡಿ. ಬೇರೆ ಬೇರೆ ಕಂಟ್ರೋಲರ್‌ಗಳು ಸೆಕ್ಟರ್ ಗುರುತುಗಳನ್ನು ಬೇರೆ ಬೇರೆ ರೀತಿ ಬರೆಯುತ್ತವೆ. ಒಂದರಲ್ಲಿ ಫಾರ್ಮ್ಯಾಟ್ ಆದ ಎಂಎಫ್‌ಎಂ ಡಿಸ್ಕನ್ನು ಇನ್ನೊಂದು ಓದುತ್ತದೆ ಅನ್ನುವ ಭರವಸೆ ಇಲ್ಲ. ಹಳೆಯ ಡ್ರೈವ್ ಕೊಳ್ಳುವಾಗ ಅದರ ಕಾರ್ಡನ್ನೂ ಕೇಳಿ ತೆಗೆದುಕೊಳ್ಳಿ.

ಈಗ ತಣ್ಣಗಿರುವಾಗಲೂ ಡಾಸ್ ಏಳುತ್ತದೆ. ಈ ಡ್ರೈವ್ ಹೆಡ್‌ಗಳನ್ನು ತಾನಾಗಿ ಪಾರ್ಕ್ ಮಾಡುವುದಿಲ್ಲ, ಅದಕ್ಕೆ ಆರಿಸುವ ಮೊದಲು ಪಾರ್ಕ್ ಪ್ರೋಗ್ರಾಂ ಓಡಿಸಿ ಹೆಡ್‌ಗಳನ್ನು ದತ್ತಾಂಶದ ಆಚೆ, 670ರ ಸಿಲಿಂಡರಿಗೆ ಕಳಿಸುತ್ತೇನೆ. ಅಲ್ಲೂ ಅಂಟಬಹುದು, ಆದರೆ ಗೀಚಿದರೆ ಖಾಲಿ ಜಾಗ ಗೀಚುತ್ತದೆ. ಮಳೆಗಾಲ ಮುಗಿಯುವ ತನಕ ವಾರಕ್ಕೊಮ್ಮೆಯಾದರೂ ಒಂದು ಗಂಟೆ ಓಡಿಸುವುದು ಅಂತ ಇಟ್ಟುಕೊಂಡಿದ್ದೇನೆ. ಮುಂದಿನ ಕೆಲಸ ಫ್ಲಾಪಿ ಡ್ರೈವಿನದು. ಅದರ ಬೆಲ್ಟ್ ಜಾರುತ್ತಿದೆ.